ಹಲ್ಲು ಕೀಳಿಸುವ ಮುನ್ನ: ಹಿರಿಯರ ಮುಖದ ನರನೋವಿಗೆ ಚಿಕಿತ್ಸೆ ಹೇಗೆ?

ಆಷಾಢದಲ್ಲಿ ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ಕಡೆಯ ಗಾಳಿ ಕೆನ್ನೆಗೆ ತಾಗಿದರೆ ಸಾಕು, ಈ ನೋವಿರುವ ಹಿರಿಯರು ಮುಖ ಹಿಡಿದುಕೊಂಡು ನಿಂತುಬಿಡುತ್ತಾರೆ. ಕರೆಂಟು ಹೊಡೆದಂಥ ನೋವು, ಮುಖದ ಒಂದೇ ಕಡೆ. ಕೆಲವು ಸೆಕೆಂಡು, ಹೆಚ್ಚೆಂದರೆ 2 ನಿಮಿಷ ಇದ್ದು ಹೋಗುತ್ತದೆ, ಮತ್ತೆ ಬರುತ್ತದೆ. ಹಲ್ಲುಜ್ಜಿದರೆ, ಮುಖ ತೊಳೆದರೆ, ಮಂಡಕ್ಕಿ ಅಗಿದರೆ, ಮಾತಾಡಿದರೂ ಬರಬಹುದು. ಇದರ ಹೆಸರು ಟ್ರೈಜೆಮಿನಲ್ ನ್ಯೂರಾಲ್ಜಿಯಾ. 50 ದಾಟಿದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಹೆಚ್ಚು.

ಮುಖದ ಸ್ಪರ್ಶವನ್ನು ಮಿದುಳಿಗೆ ಒಯ್ಯುವ ಐದನೇ ನರದ ಬುಡಕ್ಕೆ ರಕ್ತನಾಳವೊಂದು ಒತ್ತಿಕೊಂಡಿರುವುದೇ ಸಾಮಾನ್ಯ ಕಾರಣ. ಅದು ಮಿಡಿದಂತೆಲ್ಲ ನರದ ಮೇಲಿನ ಹೊದಿಕೆ ಸವೆಯುತ್ತದೆ. ಹೊದಿಕೆ ಹೋದ ವೈರುಗಳು ಒಂದಕ್ಕೊಂದು ತಾಗಿ ಶಾರ್ಟ್ ಆಗುವ ಹಾಗೆ, ಬರೀ ಮುಟ್ಟಿದ್ದೂ ನೋವಾಗಿ ಮಿದುಳನ್ನು ತಲುಪುತ್ತದೆ.

ಮೊದಲು ಹಲ್ಲು, ಆಮೇಲೆ ಕಣ್ಣು

ಕೆನ್ನೆ ಮತ್ತು ದವಡೆಗೆ ಹೋಗುವ ಕವಲುಗಳಲ್ಲೇ ಈ ನೋವು ಹೆಚ್ಚು. ಹಾಗಾಗಿ ಎಲ್ಲರೂ ಹಲ್ಲುನೋವೆಂದೇ ತಿಳಿಯುತ್ತಾರೆ. ಒಂದು ಹಲ್ಲು ಕೀಳಿಸುತ್ತಾರೆ, ನೋವು ಹೋಗುವುದಿಲ್ಲ, ಪಕ್ಕದ್ದನ್ನೂ ಕೀಳಿಸುತ್ತಾರೆ. ದಾವಣಗೆರೆಯಲ್ಲೇ ಎರಡು ದಂತ ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿ ಹಲ್ಲಿನ ಎಕ್ಸ್‌ರೇ ಮಾಡಿಸಿ. ಹುಳುಕು, ಕೀವು ಕಾಣದಿದ್ದರೆ ಹಲ್ಲಿಗೆ ಕೈ ಹಚ್ಚಿಸಬೇಡಿ, ನರರೋಗ ತಜ್ಞರಲ್ಲಿಗೆ ಹೋಗಿ.

ಹಿರಿಯರಲ್ಲಿ ಇನ್ನೆರಡು ಸಂಗತಿ ನೋಡಲೇಬೇಕು. ಕಣತಲೆ ಮುಟ್ಟಿದರೆ ನೋವು, ತಲೆ ಬಾಚಿದರೆ ನೋವು, ಅಗಿಯುತ್ತ ಹೋದಂತೆ ದವಡೆ ಸೋತು ನೋಯುವುದು, ಕಣ್ಣು ಮಂಜಾಗುವುದು: ಇದು ಕಣತಲೆಯ ರಕ್ತನಾಳದ ಉರಿಯೂತ ಇರಬಹುದು. ತಡಮಾಡಿದರೆ ದೃಷ್ಟಿ ಹೋಗುತ್ತದೆ, ಹೋದದ್ದು ಮರಳುವುದು ಕಷ್ಟ. ಅವತ್ತೇ ಆಸ್ಪತ್ರೆಗೆ ಹೋಗಿ. ಇನ್ನೊಂದು ಸರ್ಪಸುತ್ತು. ಹಣೆಯ ಮೇಲೆ ಗುಳ್ಳೆ ಎದ್ದು ಒಣಗಿದ ಮೇಲೂ ಬಿಡದೆ ಉರಿಯುವ ನೋವಿಗೆ ಗಾಬಾಪೆಂಟಿನ್, ನಾರ್ಟ್ರಿಪ್ಟಿಲಿನ್‌ನಂಥ ಬೇರೆ ಮಾತ್ರೆಗಳಿವೆ. ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ತಡೆಯುವ ಮಾತ್ರೆ ಶುರುಮಾಡುವುದು ಮುಖ್ಯ.

ಎಂಆರ್‌ಐ ಒಂದು ಸಲ ಬೇಕು. ಗೆಡ್ಡೆ ಇಲ್ಲವೆಂದು ಖಾತ್ರಿಯಾಗುತ್ತದೆ, ಒತ್ತುತ್ತಿರುವ ರಕ್ತನಾಳವೂ ಕಾಣಬಹುದು.

ಮಾತ್ರೆ: ನಿಧಾನವಾಗಿ ಏರಿಸಬೇಕು

ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಇದಕ್ಕೆ ನಾಟುವುದಿಲ್ಲ. ಮೊದಲ ಮದ್ದು ಕಾರ್ಬಮಜೆಪಿನ್. ಹಿರಿಯರಿಗೆ ಸಾಮಾನ್ಯವಾಗಿ 100 ಮಿ.ಗ್ರಾಂನಿಂದ ಶುರುಮಾಡಿ, 3ರಿಂದ 7 ದಿನಕ್ಕೊಮ್ಮೆ 100 ಮಿ.ಗ್ರಾಂ ಏರಿಸುತ್ತ ಹೋಗುತ್ತಾರೆ. ಹೆಚ್ಚಿನವರಿಗೆ ದಿನಕ್ಕೆ 400ರಿಂದ 800 ಮಿ.ಗ್ರಾಂನಲ್ಲಿ ನೋವು ಹಿಡಿತಕ್ಕೆ ಬರುತ್ತದೆ. ಪ್ರಮಾಣ ವೈದ್ಯರೇ ಹೇಳಬೇಕು; ಪಕ್ಕದ ಮನೆಯವರ ಚೀಟಿ ನೋಡಿ ನುಂಗುವಂಥದ್ದಲ್ಲ.

ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ. ನೋವು ಬಂದಾಗ ಮಾತ್ರ ನುಂಗುವವರಿದ್ದಾರೆ. ಇದು ನೋವಿನ ಮಾತ್ರೆಯಲ್ಲ, ನರ ಸಿಡಿಯದಂತೆ ತಡೆಯುವ ಮಾತ್ರೆ; ಹೊತ್ತಿಗೆ ಸರಿಯಾಗಿ ದಿನವೂ ಹೋಗಬೇಕು. ಬೇಗ ಏರಿಸಿದರೆ ತಲೆ ಸುತ್ತುತ್ತದೆ. ರಾತ್ರಿ ಬಚ್ಚಲಿಗೆ ಎದ್ದವರು ಬಿದ್ದು ಸೊಂಟ ಮುರಿದುಕೊಂಡರೆ ಮುಖದ ನೋವೇ ವಾಸಿ ಅನ್ನಿಸುತ್ತದೆ. ಮೊದಲ ವಾರಗಳಲ್ಲಿ ಬಚ್ಚಲಿನ ದಾರಿಯಲ್ಲಿ ದೀಪ ಉರಿಯಲಿ, ಮಂಚದ ಮೇಲೆ ಎರಡು ನಿಮಿಷ ಕೂತು ಏಳಲಿ.

ಮನೆಯವರು ಕಣ್ಣಿಡಬೇಕಾದ್ದು ರಕ್ತದ ಸೋಡಿಯಂ ಮೇಲೆ. ಈ ಮಾತ್ರೆ ಅದನ್ನು ಇಳಿಸುತ್ತದೆ. ಬಿಪಿಗೆ ಹೈಡ್ರೋಕ್ಲೋರೋಥಯಾಜೈಡ್ ಅಥವಾ ಕ್ಲೋರ್ಥಾಲಿಡೋನ್ ಇರುವ ಮಾತ್ರೆಯೂ ಇದ್ದರೆ ಇನ್ನೂ ಇಳಿಯುತ್ತದೆ. ಅಜ್ಜಿ ಮಂಕಾಗಿ ಕೂತಿದ್ದಾರೆ, ಹೇಳಿದ್ದನ್ನೇ ಹೇಳುತ್ತಾರೆ, ಊಟ ಸೇರುವುದಿಲ್ಲ ಎಂದರೆ 'ವಯಸ್ಸಾಯ್ತು' ಎಂದು ಬಿಡಬೇಡಿ, ಸೋಡಿಯಂ ನೋಡಿಸಿ. ಶುರುವಿಗೆ ಮುಂಚೆ ರಕ್ತಕಣಗಳ ಎಣಿಕೆ, ಲಿವರ್, ಸೋಡಿಯಂ, ಇಸಿಜಿ ಆಗಿರಲಿ. ಕೆಲವು ವಾರ ಬಿಟ್ಟು ರಕ್ತ ಮತ್ತೆ ನೋಡಿಸಿ. ಮೈಮೇಲೆ ದದ್ದು, ಬಾಯಲ್ಲಿ ಹುಣ್ಣು, ಜ್ವರ ಬಂದರೆ ಮಾತ್ರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅದೊಂದು ಬಿಟ್ಟರೆ ತಾವಾಗಿ ದಿಢೀರನೆ ನಿಲ್ಲಿಸಬಾರದು.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್, ಬಿಪಿಯ ಅಮ್ಲೋಡಿಪಿನ್‌ಗಳ ಬಲವನ್ನು ಕಾರ್ಬಮಜೆಪಿನ್ ತಗ್ಗಿಸುತ್ತದೆ. ಕೆಮ್ಮಿಗೆಂದು ಕ್ಲಾರಿಥ್ರೋಮೈಸಿನ್ ಕೊಟ್ಟರೆ ಇದರದೇ ಮಟ್ಟ ರಕ್ತದಲ್ಲಿ ವಿಪರೀತ ಏರುತ್ತದೆ. ಆದ್ದರಿಂದ ನುಂಗುವ ಅಷ್ಟೂ ಮಾತ್ರೆಗಳ ಸ್ಟ್ರಿಪ್ಪನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ ತೋರಿಸಿ. ಒಗ್ಗದಿದ್ದರೆ ಆಕ್ಸ್‌ಕಾರ್ಬಜೆಪಿನ್ (ಸೋಡಿಯಂ ಇದರಲ್ಲಿ ಇನ್ನೂ ಹೆಚ್ಚು ಇಳಿಯುತ್ತದೆ), ಬ್ಯಾಕ್ಲೋಫೆನ್, ಲ್ಯಾಮೋಟ್ರಿಜಿನ್ ಇವೆ.

ಊಟಕ್ಕೆ ರಾಗಿ ಮುದ್ದೆಯಷ್ಟು ಅನುಕೂಲದ್ದು ಇನ್ನೊಂದಿಲ್ಲ: ಅಗಿಯುವ ಹಾಗಿಲ್ಲ, ಉಗುರುಬೆಚ್ಚಗೆ ಸಾರಿನಲ್ಲಿ ಅದ್ದಿ ನುಂಗಿದರಾಯಿತು. ಖಡಕ್ ರೊಟ್ಟಿ, ಎಲೆ-ಅಡಿಕೆ ಸದ್ಯಕ್ಕೆ ಬೇಡ. ನೋವಿಗೆ ಹೆದರಿ ನೀರು ಕುಡಿಯುವುದನ್ನೇ ಬಿಡುವವರಿದ್ದಾರೆ, ಹಾಗಾಗದಂತೆ ನೋಡಿ. ಹೊರಗೆ ಹೋಗುವಾಗ ಕೆನ್ನೆಗೆ ಮಫ್ಲರ್ ಇರಲಿ, ಬಸ್ಸಿನಲ್ಲಿ ಕಿಟಕಿ ಪಕ್ಕ ಬೇಡ.

ಮಾತ್ರೆ ಸಾಲದಾದಾಗ

ಮಾತ್ರೆ ಏರಿಸಿದರೂ ನೋವು ನಿಲ್ಲದಿದ್ದರೆ, ಅಥವಾ ಮಂಪರಿನಲ್ಲೇ ದಿನ ಹೋಗುವಂತಾದರೆ ನ್ಯೂರೋಸರ್ಜನ್‌ರನ್ನು ಕಾಣಬೇಕು. ಕಿವಿಯ ಹಿಂದೆ ಬುರುಡೆಯಲ್ಲಿ ಸಣ್ಣ ಕಿಂಡಿ ಮಾಡಿ, ನರಕ್ಕೂ ರಕ್ತನಾಳಕ್ಕೂ ನಡುವೆ ಟೆಫ್ಲಾನ್ ತುಣುಕು ಇಡುವ ಶಸ್ತ್ರಚಿಕಿತ್ಸೆಯ ಫಲ ಬಹುಕಾಲ ಬಾಳುತ್ತದೆ. 70 ಆಯಿತು ಎಂಬ ಒಂದೇ ಕಾರಣಕ್ಕೆ ಇದನ್ನು ತಳ್ಳಿಹಾಕಬೇಕಿಲ್ಲ. ಹೃದಯ, ಶ್ವಾಸಕೋಶ ಅರಿವಳಿಕೆ ತಡೆಯುತ್ತವೆಯೇ ಎಂಬುದೇ ಲೆಕ್ಕ. ಆ ಕಿವಿಯ ಕೇಳುವಿಕೆ ಕುಂದುವ ಅಪಾಯ ಸ್ವಲ್ಪ ಇದೆ, ಅದನ್ನು ಮುಂಚೆಯೇ ಕೇಳಿಕೊಳ್ಳಿ.

ಅಷ್ಟು ತಾಳಲಾರದವರಿಗೆ ಕೆನ್ನೆಯ ಮೂಲಕ ಸೂಜಿ ತೂರಿಸಿ ನರವನ್ನು ಕಾಯಿಸುವುದು, ಬಲೂನಿನಿಂದ ಒತ್ತುವುದು, ಗ್ಲಿಸರಾಲ್ ಹಾಕುವುದು ಇವೆ. ನೋವು ಬೇಗ ಹೋಗುತ್ತದೆ, ಬದಲಿಗೆ ಮುಖ ಜೋಮು ಹಿಡಿಯಬಹುದು. ವರ್ಷಗಳ ಮೇಲೆ ನೋವು ಮರಳುವುದೂ ಉಂಟು. ಕಣ್ಣಿನ ಕಡೆ ಸ್ಪರ್ಶ ಹೋದರೆ ಧೂಳು ಬಿದ್ದದ್ದೂ ಗೊತ್ತಾಗದು, ಕನ್ನಡಕ ಹಾಕಿಸಿ.

ಕತ್ತರಿ, ಸೂಜಿ ಎರಡೂ ಇಲ್ಲದ ದಾರಿ ಗಾಮಾ ನೈಫ್ ಎಂಬ ವಿಕಿರಣ ಚಿಕಿತ್ಸೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ವಿಕಿರಣ ಕೊಟ್ಟ ದಿನವೇ ನೋವು ನಿಲ್ಲುವುದಿಲ್ಲ, ಕೆಲವು ವಾರದಿಂದ ಕೆಲವು ತಿಂಗಳು ಹಿಡಿಯುತ್ತದೆ. ಊರಿಗೆ ಬಂದವರೇ 'ಚಿಕಿತ್ಸೆ ಆಯ್ತಲ್ಲ' ಎಂದು ಮಾತ್ರೆ ಬಿಟ್ಟರೆ ನೋವು ಮೊದಲಿನಂತೆ ಎದ್ದು ಕೂರುತ್ತದೆ. ದಿನಕ್ಕೆ ಎಷ್ಟು ಸಲ ಸಿಡಿಯಿತು, ಎಷ್ಟು ಮಾತ್ರೆ ಹೋಯಿತು ಎಂದು ಕ್ಯಾಲೆಂಡರಿನ ಮನೆಯಲ್ಲಿ ಬರೆಯುತ್ತ ಬನ್ನಿ. ಆ ಲೆಕ್ಕ ನೋಡಿಯೇ ವೈದ್ಯರು ಮಾತ್ರೆ ಇಳಿಸುತ್ತಾರೆ.