ಕುಸಿದ ಹಾಸಿಗೆಯ ಹಣ ವಾಪಸ್ ಪಡೆದದ್ದು: ನನ್ನ ಅನುಭವ

ಹಾಸಿಗೆ ಸರಿಯಿಲ್ಲ ಅಂತ ಕಂಪನಿಗೆ ಬರೆಯುವಾಗ ಸೊಂಟನೋವಿನಿಂದ ಶುರುಮಾಡಿದರೆ ಮಾತು ಅಲ್ಲೇ ದಾರಿ ತಪ್ಪುತ್ತದೆ. 'ಅದು ಅವರವರ ಅಭ್ಯಾಸ, ವಾರಂಟಿಗೆ ಬರಲ್ಲ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಹಾಗಾಗಿ ನಾನು ಮೊದಲು ಅಳತೆ ತೆಗೆದೆ.

ಬೆಡ್‌ಶೀಟ್, ದಿಂಬು ತೆಗೆದು ಹಾಸಿಗೆಯನ್ನು ಕೆಲವು ಗಂಟೆ ಖಾಲಿ ಬಿಟ್ಟೆ. ಈ ಅಂಚಿನಿಂದ ಆ ಅಂಚಿಗೆ ದಾರವನ್ನು ಬಿಗಿಯಾಗಿ ಎಳೆದು ಕಟ್ಟಿ, ಆಳವಾದ ಕಡೆ ಸ್ಟೀಲ್ ಸ್ಕೇಲನ್ನು ಒತ್ತದೆ ನಿಲ್ಲಿಸಿದೆ. ಸೊಂಟ ಬರುವ ಜಾಗದಲ್ಲಿ 35 ಮಿ.ಮೀ. ತಗ್ಗು. ವಾರಂಟಿ ಸಾಮಾನ್ಯವಾಗಿ ಒಪ್ಪುವುದು ಮೇಲೆ ಭಾರವಿಲ್ಲದಾಗಲೂ ಕಾಣುವ ತಗ್ಗನ್ನು ಮಾತ್ರ. ಎಷ್ಟು ಆಳವಿರಬೇಕೆಂದು ಕಾರ್ಡಿನಲ್ಲಿ ನೋಡಿಕೊಳ್ಳಿ. ಕ್ಯಾಮೆರಾ ದಾರದ ಮಟ್ಟಕ್ಕೇ ಇರಬೇಕು, ಮೇಲಿಂದ ತೆಗೆದರೆ ಸ್ಕೇಲಿನ ಗೆರೆ ತಪ್ಪಾಗಿ ಕಾಣುತ್ತದೆ. ಆಮೇಲೆ ಮಂಚದ ಪ್ಲೈವುಡ್ ಮೇಲೂ ಅದೇ ದಾರ ಎಳೆದೆ, ಹಾಸಿಗೆಯನ್ನು ನೆಲಕ್ಕೆ ಹಾಕಿ ಮತ್ತೆ ಅಳೆದೆ. 'ನಿಮ್ಮ ಮಂಚವೇ ಬಾಗಿದೆ' ಅನ್ನುವವರಿಗೆ ಬೇರೆ ಉತ್ತರ ಬೇಕಿಲ್ಲ. ಬದಿಯ ಲೇಬಲ್ಲು, ಬಿಲ್ಲು, ಕುಸಿಯುವುದೇ ಇಲ್ಲ ಎಂದಿದ್ದ ಜಾಹೀರಾತಿನ ಸ್ಕ್ರೀನ್‌ಶಾಟ್ ಎಲ್ಲವನ್ನೂ ಜೊತೆಗಿಟ್ಟೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಮಾರುವವರು ಹೇಳಿಕೊಂಡ ಗುಣಮಟ್ಟ ಇಲ್ಲದಿದ್ದರೆ ಅದೂ ದೋಷವೇ.

ಕಂಪನಿಯಿಂದ ತಪಾಸಣೆಗೆ ಬಂದವರು 'ಮಿತಿಯೊಳಗಿದೆ' ಎಂದು ಬರೆದು ಸಹಿ ಕೇಳಿದರೆ, ಪಕ್ಕದಲ್ಲೇ ನಮ್ಮ ಅಳತೆ ಬರೆದು 'ಒಪ್ಪಿಗೆಯಿಲ್ಲ' ಎಂದು ಸೇರಿಸಿ, ಫಾರಂನ ಫೋಟೊ ತೆಗೆದುಕೊಳ್ಳಬೇಕು. ನನಗೆ ಬದಲಿ ಹಾಸಿಗೆ ಕೊಡುತ್ತೇವೆ, ಬಳಸಿದ ಅವಧಿಯ ಹಣ ಕಟ್ಟಿ ಎಂದರು. ವಾರಂಟಿ ಕಾರ್ಡಿನಲ್ಲಿ ಹಾಗೇ ಇತ್ತು. ಆದರೆ ಕಾಯ್ದೆ ಕೊಟ್ಟ ಹಕ್ಕನ್ನು ಕಾರ್ಡು ಕಿತ್ತುಕೊಳ್ಳಲಾರದು. ಅದರ ಸೆಕ್ಷನ್ 39ರಡಿ ಜಿಲ್ಲಾ ಗ್ರಾಹಕ ಆಯೋಗ ಬೆಲೆಯನ್ನು ಬಡ್ಡಿಸಮೇತ ವಾಪಸ್ ಕೊಡಿಸಬಹುದು, ಪರಿಹಾರವನ್ನೂ ಕೊಡಿಸಬಹುದು. ನಾನು ಬದಲಿ ಬೇಡವೆಂದು ಇಮೇಲಿನಲ್ಲೇ ತಿಳಿಸಿದೆ. ಫೋನಿನಲ್ಲಿ ಆಡಿದ ಮಾತಿಗೆ ದಾಖಲೆ ಇರುವುದಿಲ್ಲ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲೇ ದೂರು ಹೇಳಬಹುದು. ಅವರಿಗೆ ಆದೇಶ ಮಾಡುವ ಅಧಿಕಾರವಿಲ್ಲ, ಆದರೆ ಅಲ್ಲಿ ಕೊಡುವ ದೂರಿನ ನಂಬರು ಮುಂದೆ ಕೆಲಸಕ್ಕೆ ಬರುತ್ತದೆ. ನಂತರ ಅಂಗಡಿ, ತಯಾರಕರು ಇಬ್ಬರಿಗೂ 15 ದಿನದ ಗಡುವಿಟ್ಟು ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿದೆ. ಅದಕ್ಕೂ ಜಗ್ಗದಿದ್ದಾಗ, ಗ್ರಾಹಕ ದೂರು ಸಲ್ಲಿಸುವ ಸರ್ಕಾರಿ ಜಾಲತಾಣ ಇ-ಜಾಗೃತಿಯಲ್ಲಿ ಬೆಂಗಳೂರು ನಗರ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು. ಕಂಪನಿ ಯಾವ ಊರಿನದ್ದಾದರೂ ನಾವು ವಾಸವಿರುವ ಕಡೆ ದಾಖಲಿಸಬಹುದು. ವಸ್ತುವಿನ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ತಕರಾರು ಹುಟ್ಟಿದ 2 ವರ್ಷದೊಳಗೆ ಹಾಕಬೇಕು. ದೂರಿನಲ್ಲಿ ಎದುರುದಾರರ (ಅಂದರೆ ಕಂಪನಿಯ) ವಿಳಾಸವೆಂದು ಕಸ್ಟಮರ್ ಕೇರ್ ವಿಳಾಸ ಕೊಟ್ಟರೆ ನೋಟಿಸ್ ಜಾರಿಯಾಗದೆ ವಾಪಸ್ ಬಂದು ತಿಂಗಳುಗಟ್ಟಲೆ ಹಾಳಾಗುತ್ತದೆ. ನೋಂದಾಯಿತ ಕಚೇರಿಯದ್ದೇ ಹಾಕಿ.

ಆಯೋಗದ ನೋಟಿಸ್ ಮುಟ್ಟಿದ ಮೇಲೆ ಕಂಪನಿ ರಾಜಿಗೆ ಬಂತು. ಮೊದಲು ಹಾಸಿಗೆ ಕೊಡಿ, ಆಮೇಲೆ ಹಣ ಎಂದರೆ ಒಪ್ಪಬೇಡಿ. ಪ್ರಯೋಗಾಲಯಕ್ಕೆ ಕಳಿಸುವ ಪ್ರಸಂಗ ಬಂದರೆ ಆ ಹಾಸಿಗೆಯೇ ಸಾಕ್ಷಿ. ಹಣ ಖಾತೆಗೆ ಜಮಾ ಆದ ಮೇಲೆ ಹಾಸಿಗೆ ಒಪ್ಪಿಸಿ ರಸೀದಿ ಪಡೆದೆ, ಕೊನೆಗೆ ದೂರು ಹಿಂಪಡೆಯುವ ಮೆಮೊ ಹಾಕಿದೆ.