ನಾಲ್ಕು ತೂತು ಕೂತರೆ ಸಾಕೇ?

ನನ್ನ ಭಾಮೈದ ಹಳೇ ಹೋಂಡಾ ಸಿಟಿ ಮಾರುವಾಗ ಅದರ ಅಲಾಯ್ ವೀಲ್‌ಗಳನ್ನು ಬಿಚ್ಚಿಟ್ಟುಕೊಂಡಿದ್ದ. "ನಿಮ್ಮ ಸ್ವಿಫ್ಟ್‌ಗೂ ನಾಲ್ಕೇ ಬೋಲ್ಟು ಭಾವ, ಹಾಕ್ಕೊಳ್ಳಿ" ಅಂದ. ಪುಕ್ಕಟೆ ಬಂದದ್ದನ್ನು ಯಾರು ಬಿಡುತ್ತಾರೆ? ಮನೆ ಹತ್ತಿರದ ಟೈರ್ ಅಂಗಡಿಯಲ್ಲಿ ಅರ್ಧ ಗಂಟೆಯಲ್ಲಿ ಕೂರಿಸಿಕೊಟ್ಟರು. ಮಾರನೇ ಭಾನುವಾರ ನೈಸ್ ರೋಡಿನಲ್ಲಿ 80 ದಾಟಿದ್ದೇ ತಡ, ಸ್ಟೀರಿಂಗ್ ಗಡಗಡ. ಅಂಗಡಿಯವರು ಮೂರು ಸಲ ಬ್ಯಾಲೆನ್ಸಿಂಗ್ ಮಾಡಿದರು, ಮೂರು ಸಲವೂ ದುಡ್ಡು ತಗೊಂಡರು. ನಡುಕ ಮಾತ್ರ ಹಾಗೇ ಇತ್ತು. ಕೊನೆಗೆ ನಾನೇ ವರ್ನಿಯರ್ ಕ್ಯಾಲಿಪರ್ ಹಿಡಿದು ಕೂತೆ.

ಮೊದಲು ಪಿಸಿಡಿ, ಅಂದರೆ ಬೋಲ್ಟುಗಳ ಮಧ್ಯಬಿಂದು ಹಾದುಹೋಗುವ ವೃತ್ತದ ವ್ಯಾಸ. ನಾಲ್ಕು ತೂತಿನ ವೀಲ್ ಆದರೆ ಸುಲಭ: ಒಂದು ತೂತಿನ ಹೊರ ಅಂಚಿನಿಂದ ಎದುರು ತೂತಿನ ಒಳ ಅಂಚಿಗೆ ಅಳೆಯಿರಿ. ಐದು ತೂತಿದ್ದರೆ ಎದುರಿಗೆ ತೂತೇ ಇರುವುದಿಲ್ಲ. ಅಕ್ಕಪಕ್ಕದ ಎರಡು ತೂತುಗಳ ಮಧ್ಯದ ಅಂತರವನ್ನು 1.701ರಿಂದ ಗುಣಿಸಿ. 67.2 ಮಿ.ಮೀ. ಬಂದರೆ ಅದು 114.3, ಕ್ರೆಟಾ, ಇನ್ನೋವಾಗಳದ್ದು. ಸ್ವಿಫ್ಟ್, ಐ20, ಸಿಟಿ ಎಲ್ಲಾ 4x100, ಅಂದರೆ ನಾಲ್ಕು ತೂತು, 100 ಮಿ.ಮೀ. ಪಿಸಿಡಿ. ಫೋರ್ಡ್ ಫಿಗೊ 4x108. ಫಿಯಟ್ ಪಾಲಿಯೊ 4x98. ಈ 98 ಬಲು ಮೋಸದ್ದು: 100ರ ವೀಲ್ ಒತ್ತಿದರೆ ಕೂತಂತೆ ಕಾಣುತ್ತದೆ, ಆದರೆ ಸ್ಟಡ್‌ಗಳು, ಅಂದರೆ ನಟ್ಟು ಕೂರುವ ಬೋಲ್ಟುಗಳು, ಓರೆಯಾಗಿ ಎಳೆಸಿಕೊಳ್ಳುತ್ತಿರುತ್ತವೆ.

ನನ್ನದರಲ್ಲಿ ಪಿಸಿಡಿ ಸರಿಯಾಗಿತ್ತು. ತಪ್ಪಿದ್ದು ನಡುವಿನ ತೂತಿನಲ್ಲಿ. ಆ ತೂತು ಕೂರುವ ಕಾರಿನ ಕಡೆಯ ಗುಂಡು ಉಬ್ಬೇ ಹಬ್. ಸ್ವಿಫ್ಟ್ ಹಬ್ 54.1 ಮಿ.ಮೀ., ಸಿಟಿ ವೀಲಿನ ತೂತು 56.1. ಎರಡು ಮಿಲಿಮೀಟರ್ ಸಡಿಲ, ಹಾಗಾಗಿ ವೀಲ್ ನಟ್ಟ ನಡುವೆ ಕೂರದೆ ಒಂದಿಷ್ಟು ಪಕ್ಕಕ್ಕೆ ಕೂತಿತ್ತು. ಸ್ವಿಫ್ಟ್‌ನ ವೀಲನ್ನು ಸಿಟಿಗೆ ಹಾಕಲು ಹೋಗಿದ್ದರೆ ಒಳಗೇ ಹೋಗುತ್ತಿರಲಿಲ್ಲ, ಗೊತ್ತಾಗಿಬಿಡುತ್ತಿತ್ತು. ಸಡಿಲ ಇರುವುದೇ ಕಾಣುವುದಿಲ್ಲ ನೋಡಿ. ಇದಕ್ಕೆ ಹಬ್ ರಿಂಗ್ ಅಂತ ಬಳೆ ಸಿಗುತ್ತದೆ, 56.1–54.1 ಅಂತ ಅಳತೆ ಹೇಳಿ ಜೆ.ಸಿ. ರಸ್ತೆಯಲ್ಲಿ ಕೇಳಿ.

ಬಳೆ ಹಾಕಿದೆ. ಆಮೇಲೆ ನಟ್ಟು ಬಿಚ್ಚಿ ನೋಡಿದರೆ ಬೋಲ್ಟಿನ ತೂತಿನ ಬಾಯಲ್ಲಿ ಕೂದಲೆಳೆಯಷ್ಟು ತೆಳ್ಳಗೆ ಹೊಳೆಯುವ ಉಂಗುರ, ಅಷ್ಟೇ. ಪೂರ್ತಿ ಒತ್ತಿ ಕೂತಿದ್ದರೆ ಅಗಲವಾದ ಗುರುತು ಬೀಳಬೇಕಿತ್ತು. ಹೋಂಡಾ ಕಂಪನಿ ವೀಲಿನಲ್ಲಿ ನಟ್ಟು ಕೂರುವ ಗುಳಿ ಉರುಟು, ಗೋಲಿಯ ಹಾಗೆ. ಸ್ವಿಫ್ಟ್ ನಟ್ಟಿನ ಮೂತಿ ಕೋನ್ ಐಸ್‌ಕ್ರೀಮಿನ ಹಾಗೆ ಚೂಪು. ಉರುಟು ಗುಳಿಗೆ ಚೂಪು ಮೂತಿ ಅಂಚಿನಲ್ಲಷ್ಟೇ ತಾಗುತ್ತದೆ, ಓಡುತ್ತಾ ಸಡಿಲವಾಗುತ್ತದೆ. ಹಾಗಂತ ಸಿಟಿಯ ನಟ್ಟನ್ನೇ ಹಾಕೋಣ ಅಂದರೆ ಅದರ ಥ್ರೆಡ್ 12x1.5 (12 ಮಿ.ಮೀ. ದಪ್ಪ, ಸುರುಳಿಗಳ ನಡುವೆ 1.5 ಮಿ.ಮೀ.), ಸ್ವಿಫ್ಟ್ ಸ್ಟಡ್ಡಿನದು 12x1.25. ಸ್ಪ್ಯಾನರಿನಿಂದ ಜಬರ್ದಸ್ತಿ ತಿರುಗಿಸಿದರೆ ಸ್ಟಡ್ಡೇ ಹಾಳು. ಉರುಟು ಮೂತಿಯ 1.25 ನಟ್ಟು ಹುಡುಕಿ ತಂದರೂ ಸ್ಟೆಪ್ನಿ ಕಬ್ಬಿಣದ್ದು, ಅದಕ್ಕೆ ಚೂಪು ನಟ್ಟೇ ಬೇಕು. ರಾತ್ರಿ ಮಳೆಯಲ್ಲಿ ಸಿಲ್ಕ್ ಬೋರ್ಡ್ ಹತ್ತಿರ ಪಂಕ್ಚರ್ ಆದರೆ ಎರಡು ಬಗೆ ನಟ್ಟು ವಿಂಗಡಿಸುತ್ತಾ ಕೂರುವ ಉಮೇದು ನನಗಿಲ್ಲ. ಸಿಟಿ ವೀಲ್ ಕೈಬಿಟ್ಟೆ.

ಶಿವಾಜಿನಗರದ ಗುಜರಿಯಲ್ಲಿ ಹಳೇ ಐ20ದು ಸಿಕ್ಕಿತು: 4x100, ತೂತು 54.1, ಗುಳಿ ಕೋನಾಕಾರ. ಸ್ವಿಫ್ಟ್ ನಟ್ಟೇ ಸಾಕು. ಕೊಳ್ಳುವ ಮುಂಚೆ ವೀಲನ್ನು ಮಗುಚಿ ಹಾಕಿ, ಹಿಂಬದಿಯ ಮಣ್ಣು ಕೆರೆದು ಓದಿ. 6J ಅಂದರೆ ಆರು ಇಂಚು ಅಗಲ, ಇಟಿ ಪಕ್ಕದ ಅಂಕಿ ಆಫ್‌ಸೆಟ್, ಅಂದರೆ ಹಬ್ಬಿಗೆ ಕೂರುವ ಮುಖ ವೀಲಿನ ಅಗಲದ ನಟ್ಟನಡುವಿನಿಂದ ಎಷ್ಟು ಮಿ.ಮೀ. ಹೊರಗಿದೆ ಅನ್ನುವುದು. ಈಗ 5.5J ಇಟಿ45 ಇದ್ದು 6.5J ಇಟಿ38 ಹಾಕಿದಿರಿ ಅನ್ನಿ: ಅಗಲವನ್ನು ಮಿ.ಮೀ.ಗೆ ತಂದು, ಅದರ ಅರ್ಧಕ್ಕೆ ಆಫ್‌ಸೆಟ್ ಕೂಡಿಸಿದರೆ ಒಳಬದಿ, ಕಳೆದರೆ ಹೊರಬದಿ. ಒಳಗೆ ಸುಮಾರು 6 ಮಿ.ಮೀ., ಹೊರಗೆ 20 ಮಿ.ಮೀ. ಜಾಸ್ತಿ ಚಾಚುತ್ತದೆ. ಆ ಹೊರಗಿನ ಇಪ್ಪತ್ತು, ಹಿಂದೆ ಮೂರು ಜನ ಕೂತು ಹಂಪ್ ಹಾರಿಸಿದಾಗ ಫೆಂಡರಿಗೆ ಉಜ್ಜಬಹುದು. ಬಿರುಕು, ವೆಲ್ಡಿಂಗ್ ಕಲೆ ಕಂಡರೆ ಎಷ್ಟೇ ಅಗ್ಗವಾದರೂ ಬೇಡ.

ಟೈರಿನ ಎತ್ತರವೂ ಹೊಂದಬೇಕು, ಇಲ್ಲದಿದ್ದರೆ ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ. 165/80 ಆರ್14 ಅಂದರೆ ಟೈರಿನ ಅಗಲ 165 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 80, ರಿಮ್ 14 ಇಂಚು. ಒಟ್ಟು ಎತ್ತರ ಸುಮಾರು 620 ಮಿ.ಮೀ., 185/65 ಆರ್15 ಸುಮಾರು 621, ಇದು ಸರಿ.

ಬ್ರೇಕ್ ಕ್ಯಾಲಿಪರಿಗೆ, ಅಂದರೆ ಡಿಸ್ಕನ್ನು ಹಿಡಿದು ಒತ್ತುವ ಭಾಗಕ್ಕೆ, ವೀಲ್ ತಾಗುತ್ತದೋ ನೋಡಲು ಹೆಂಡತಿಯ ಕಣ್ಣು ತಪ್ಪಿಸಿ ಚಪಾತಿ ಹಿಟ್ಟಿನ ಉಂಡೆ ತಂದೆ. ಕ್ಯಾಲಿಪರಿನ ಮೇಲೆ ಅಂಟಿಸಿ, ವೀಲ್ ಬಿಗಿದು, ಕೈಯಲ್ಲೇ ಒಂದು ಸುತ್ತು ತಿರುಗಿಸಿ ಬಿಚ್ಚಿ. ಹಿಟ್ಟು ಮೂರು ಮಿಲಿಮೀಟರಿಗಿಂತ ತೆಳ್ಳಗಾಗಿದ್ದರೆ ಬೇಡ. ಒಳಗೆ ಅಂಟಿಸುವ ಬ್ಯಾಲೆನ್ಸಿಂಗ್ ತೂಕಕ್ಕೂ ಜಾಗ ಬೇಕಲ್ಲ. ಆಮೇಲೆ ಸ್ಟೀರಿಂಗ್ ಎರಡೂ ಕಡೆ ಕೊನೆವರೆಗೆ ತಿರುಗಿಸಿ ಸದ್ದು ಕೇಳಿ.

ನೂರು ಕಿಲೋಮೀಟರ್ ಓಡಿಸಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಟಾರ್ಕ್ ವ್ರೆಂಚ್‌ನಲ್ಲಿ ನೋಡಿ. ನನ್ನ ಎಡ ಹಿಂಬದಿಯ ಒಂದು ನಟ್ಟು ಕಾಲು ಸುತ್ತು ತಿರುಗಿತು.