ಕಾಫಿ ಗೋದಾಮಿಗೆ ಫೋರ್ಕ್‌ಲಿಫ್ಟ್ ತರುವ ಮುನ್ನ

ಕೊಯ್ಲಿನ ತಿಂಗಳುಗಳಲ್ಲಿ ಕುಶಾಲನಗರ ಸುತ್ತಲಿನ ಕ್ಯೂರಿಂಗ್ ಘಟಕಗಳಿಗೆ, ಅಂದರೆ ಕಾಫಿಯ ಸಿಪ್ಪೆ ತೆಗೆದು ಹದಗೊಳಿಸುವ ಘಟಕಗಳಿಗೆ, ಚೆರಿ (ಒಣಗಿಸಿದ ಇಡೀ ಹಣ್ಣು), ಪಾರ್ಚ್‌ಮೆಂಟ್ (ಒಳಸಿಪ್ಪೆ ಇರುವ ಬೀಜ) ತುಂಬಿದ 50 ಕೆ.ಜಿ. ಚೀಲಗಳು ಲಾರಿಗಟ್ಟಲೆ ಬಂದಿಳಿಯುತ್ತವೆ. ಹಮಾಲರ ಬೆನ್ನಿನಿಂದ ಈ ಹೊರೆಯನ್ನು ಇಳಿಸಲು ಫೋರ್ಕ್‌ಲಿಫ್ಟ್ ಕೊಳ್ಳುವವರು ಮೊದಲು ಆ ಯಂತ್ರ ಬೆಳೆದುಬಂದ ಬಗೆಯನ್ನು ತಿಳಿಯಬೇಕು.

1906ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರೈಲ್ವೆಯು ಆಲ್ಟೂನಾದಲ್ಲಿ ಪ್ರಯಾಣಿಕರ ಸಾಮಾನು ಸಾಗಿಸಲು ಬ್ಯಾಟರಿ ಬಂಡಿಗಳನ್ನು ಓಡಿಸಿತು. 1917ರಲ್ಲಿ ಮಿಷಿಗನ್‌ನ ಕ್ಲಾರ್ಕ್ ಕಂಪನಿ ತನ್ನ ಕಾರ್ಖಾನೆಯೊಳಗಿನ ಸಾಗಣೆಗೆಂದು ‘ಟ್ರಕ್‌ಟ್ರ್ಯಾಕ್ಟರ್’ ತಯಾರಿಸಿತು. ಕಾರ್ಖಾನೆಗೆ ಬಂದವರು ತಮಗೂ ಬೇಕೆಂದು ಕೇಳಿದ್ದರಿಂದ ಅದು ಮಾರಾಟಕ್ಕೂ ಬಂತು. 1923ರಲ್ಲಿ ಯೇಲ್ ಕಂಪನಿಯು ಫೋರ್ಕ್ ಎಂಬ ಉಕ್ಕಿನ ತೋಳುಗಳನ್ನೂ ಅವನ್ನು ಮೇಲಕ್ಕೆ ಒಯ್ಯುವ ಮಾಸ್ಟ್ ಕಂಬವನ್ನೂ ಜೋಡಿಸಿತು. ಆದರೂ ಯಂತ್ರ ಎಲ್ಲೆಡೆ ಹರಡಿದ್ದು ಮರದ ಪ್ಯಾಲೆಟ್‌ಗಳಿಗೆ (ಅಡಿಯಲ್ಲಿ ಫೋರ್ಕ್ ತೂರುವಂತೆ ಜಾಗವಿರುವ, ಸರಕು ಪೇರಿಸುವ ಹಲಗೆಯ ಮಣೆಗಳಿಗೆ) ನಿಶ್ಚಿತ ಅಳತೆ ಬಂದು, ಎರಡನೆಯ ಮಹಾಯುದ್ಧದ ಸರಕು ಸಾಗಣೆಯಲ್ಲಿ ಅವು ಬಳಕೆಯಾದ ಮೇಲೆಯೇ.

ಆದ್ದರಿಂದ ಮೊದಲ ಹೆಜ್ಜೆ ಪ್ಯಾಲೆಟ್. ಎಲ್ಲವೂ ಒಂದೇ ಅಳತೆಯವಾಗಿರಲಿ, ಮುರಿದ ಹಲಗೆಯವನ್ನು ತೆಗೆದುಹಾಕಿ. ನಮ್ಮ ಮಳೆಗಾಲದಲ್ಲಿ ಇದರಿಂದ ಮತ್ತೊಂದು ಲಾಭವಿದೆ: ಚೀಲ ನೆಲಕ್ಕೆ ತಾಗದೆ ಅಡಿಯಲ್ಲಿ ಗಾಳಿಯಾಡುತ್ತದೆ, ಕಾಫಿ ಥಂಡಿ ಹಿಡಿಯುವುದು ಕಡಿಮೆಯಾಗುತ್ತದೆ.

ಎರಡನೆಯದು ಯಂತ್ರದ ಆಯ್ಕೆ. ಕಾಫಿ ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುವುದರಿಂದ ಮುಚ್ಚಿದ ಗೋದಾಮಿನೊಳಗೆ ಡೀಸೆಲ್ ಹೊಗೆ ಬೇಡವೇ ಬೇಡ, ಬ್ಯಾಟರಿಯದೇ ಸರಿ. ಆ ಭಾರವಾದ ಬ್ಯಾಟರಿ ಹೊರೆಗೆ ಎದುರುತೂಕವಾಗಿಯೂ ಕೆಲಸ ಮಾಡುತ್ತದೆ.

ಮೂರನೆಯದು ತೂಕದ ಲೆಕ್ಕ. ಹೆಚ್ಚು ಗಮನ ಬೇಕಾದದ್ದು ಇಲ್ಲಿಯೇ. ಫೋರ್ಕ್‌ಲಿಫ್ಟ್ ಒಂದು ತಕ್ಕಡಿ. ಮುಂದಿನ ಚಕ್ರಗಳ ಅಚ್ಚು ಅದರ ನಡುಗೂಟ. ಒಂದು ಕಡೆ ಹೊರೆ, ಇನ್ನೊಂದು ಕಡೆ ಯಂತ್ರದ ತೂಕ. ಪದರಕ್ಕೆ ನಾಲ್ಕರಂತೆ ಐದು ಪದರ ಇಟ್ಟರೆ 20 ಚೀಲ, ಅಂದರೆ ಒಂದು ಟನ್. ಅದಕ್ಕೆ ಪ್ಯಾಲೆಟ್ಟಿನ ತೂಕವನ್ನೂ ಸೇರಿಸಿ. ಯಂತ್ರದ ಫಲಕದಲ್ಲಿರುವ ಸಾಮರ್ಥ್ಯವು ಹೊರೆಯ ಗುರುತ್ವಕೇಂದ್ರ ಫೋರ್ಕ್‌ನ ಬುಡದಿಂದ ಇಂತಿಷ್ಟು ದೂರದಲ್ಲಿ, ಅನೇಕ ಯಂತ್ರಗಳಲ್ಲಿ 500 ಮಿ.ಮೀ. ದೂರದಲ್ಲಿ, ಇದ್ದಾಗ ಮಾತ್ರ ನಿಜ. ಚೀಲಗಳು ಮುಂದಕ್ಕೆ ವಾಲಿದಷ್ಟೂ ಎತ್ತುವ ಶಕ್ತಿ ಇಳಿಯುತ್ತದೆ, ಹಿಂದಿನ ಚಕ್ರಗಳು ನೆಲ ಬಿಡುವ ಅಪಾಯ ಬರುತ್ತದೆ. ಆದ್ದರಿಂದ ಫೋರ್ಕ್‌ಗಳನ್ನು ಪೂರ್ತಿ ಒಳಗೆ ತೂರಿಸಿ, ಹೊರೆಯನ್ನು ಬುಡಕ್ಕೆ ತಾಗಿಸಿಯೇ ಎತ್ತಬೇಕು.

ಸಾಗಿಸುವಾಗ ಮಾಸ್ಟ್ ಅನ್ನು ತುಸು ಹಿಂದಕ್ಕೆ ಬಾಗಿಸಿ, ಹೊರೆಯನ್ನು ನೆಲದಿಂದ ಒಂದು ಗೇಣಿಗಿಂತ ಮೇಲೆ ಒಯ್ಯಬೇಡಿ. ತಿರುಗುವವು ಹಿಂದಿನ ಚಕ್ರಗಳಾದ್ದರಿಂದ ಬಾಲ ಅಗಲಕ್ಕೆ ಬೀಸುತ್ತದೆ. ಬದಿಯಲ್ಲಿ ಯಾರೂ ನಿಂತಿರಬಾರದು. ಇಳಿಜಾರಿನ ರ‍್ಯಾಂಪ್‌ನಲ್ಲಿ ಹೊರೆ ಯಾವಾಗಲೂ ಏರಿನ ಕಡೆಗಿರಬೇಕು, ಎಂದರೆ ಹೊರೆ ಹೊತ್ತು ಇಳಿಯುವಾಗ ಹಿಮ್ಮುಖವಾಗಿಯೇ ಇಳಿಯಬೇಕು. ಅಟ್ಟಿಯ ಮುಂದೆ ಪೂರ್ತಿ ನಿಂತ ಮೇಲೆ ಹೊರೆ ಎತ್ತಿ ಮಾಸ್ಟ್ ನೆಟ್ಟಗೆ ಮಾಡಿ, ಪ್ಯಾಲೆಟ್ ಇಳಿಸಿ, ಫೋರ್ಕ್‌ಗಳನ್ನು ನೇರವಾಗಿ ಹೊರಗೆಳೆಯಿರಿ. ಕೆಲಸ ಮುಗಿದಾಗ ಫೋರ್ಕ್‌ಗಳು ನೆಲ ಮುಟ್ಟಿರಲಿ, ಕೀಲಿ ಚಾಲಕನ ಬಳಿಯೇ ಇರಲಿ.